ಪುಣೆಯ ಚಳಿ, ಕಾರಿನ ಎಂಜಿನ್ ಮತ್ತು ಬಾಲೇವಾಡಿವರೆಗೂ ಹತ್ತದ ಹಸಿರು ದೀಪ

ಜನವರಿ ಬೆಳಗ್ಗೆ ಆರೂಮುಕ್ಕಾಲು. ಪಾಷಾಣ ಬಡಾವಣೆಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಎರಡನೇ ಮಹಡಿಯ ಕಾಕಾ ಮಫ್ಲರ್ ಸುತ್ತಿಕೊಂಡು ನಿಂತಿರುತ್ತಾರೆ. ಅವರ ಡೀಸೆಲ್ ಗಾಡಿ ಸ್ಟಾರ್ಟ್ ಆಗಿ ಹತ್ತು ನಿಮಿಷ ಆಗಿರುತ್ತದೆ. ಕಾಕಾ ಒಳಗೆ ಕೂತಿರುವುದಿಲ್ಲ, ಹೊರಗೆ ನಿಂತು ಚಹಾ ಕುಡಿಯುತ್ತಿರುತ್ತಾರೆ. ನಾನು ಕಾರಿನ ಬಾಗಿಲು ತೆಗೆದರೆ ಸಾಕು, ದಿನಾ ಅದೇ ಮಾತು: ‘ಗಾಡಿ ಗರಮ್ ಹೋಊ ದ್ಯಾ, ಮಗ ನಿಘಾ.’ ಗಾಡಿ ಬಿಸಿ ಆಗಲಿ, ಆಮೇಲೆ ಹೊರಡಿ.

ಕಾಕಾ ಮಾತಿನಲ್ಲಿ ಅರ್ಧ ನಿಜ ಇದೆ. ಎಂಜಿನ್ ಬೇಗ ಬಿಸಿಯಾದಷ್ಟೂ ಒಳ್ಳೆಯದು. ಆದರೆ ನಿಂತಲ್ಲೇ ಅದು ಬೇಗ ಬಿಸಿಯಾಗುವುದಿಲ್ಲ. ಇಷ್ಟು ಅರ್ಥವಾಗಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು. ಅರ್ಥ ಮಾಡಿಸಿದ್ದು ಒಂದು ಪುಟ್ಟ ಹಸಿರು ದೀಪ.

ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಹಿಂದಿನವರು ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದರು. ಇಂಥ ಕಾರು ಬೆಳಗ್ಗೆ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗುತ್ತದೆ. ಎಂಜಿನ್ ಸುತ್ತ ಹರಿಯುವ ಕೂಲಂಟ್ ಒಂದಷ್ಟು ಬಿಸಿಯಾದ ಮೇಲೆ ತಾನಾಗಿಯೇ ಗ್ಯಾಸ್‌ಗೆ ತಿರುಗುತ್ತದೆ. ಆಗ ಸ್ವಿಚ್‌ನಲ್ಲಿ ಹಸಿರು ದೀಪ ಹತ್ತುತ್ತದೆ. ಹೀಗೆ ಕಾಯುವುದಕ್ಕೆ ಕಾರಣ ಇದೆ. ಸಿಲಿಂಡರ್‌ನಲ್ಲಿ ಗ್ಯಾಸ್ 200 ಬಾರ್ ಒತ್ತಡದಲ್ಲಿ ತುಂಬಿರುತ್ತದೆ. ಆ ಒತ್ತಡ ಇಳಿಯುವ ಜಾಗದಲ್ಲಿ ಗ್ಯಾಸ್ ಹಿಗ್ಗಿ ತೀರಾ ತಣ್ಣಗಾಗುತ್ತದೆ. ಅಲ್ಲಿರುವ ರೆಡ್ಯೂಸರ್‌ಗೆ ಬಿಸಿ ಕೂಲಂಟ್ ಹಾಯಿಸದಿದ್ದರೆ ಅದು ಹಿಮ ಕಟ್ಟಿ ಜಾಮ್ ಆಗುತ್ತದೆ. ನನ್ನ ಕಿಟ್‌ನಲ್ಲಿ 40 ಡಿಗ್ರಿಗೆ ಸೆಟ್ ಮಾಡಿದ್ದರು.

ಕಾರು ಕೊಂಡಿದ್ದು ಜೂನ್‌ನಲ್ಲಿ. ಆಗೆಲ್ಲ ಸುತಾರ್‌ವಾಡಿ ದಾಟಿ ಸೂಸ್ ಬ್ರಿಜ್ ಹತ್ತಿರ ಬರುವಷ್ಟರಲ್ಲಿ ದೀಪ ಹಸಿರಾಗುತ್ತಿತ್ತು. ಡಿಸೆಂಬರ್ ಬಂತು. ಸೂಸ್ ಬ್ರಿಜ್ ಹೋಯಿತು, ಹೈವೇ ಸೇರಿದೆ, ಬಾಣೇರ್ ಹೋಯಿತು, ದೀಪ ಇನ್ನೂ ಕೆಂಪು. ಬಾಲೇವಾಡಿ ಸ್ಟೇಡಿಯಂ ಕಾಣುವಾಗ ಹಸಿರು. ಅಲ್ಲಿಂದ ಹಿಂಜವಡಿ ಆಫೀಸು ಇನ್ನೆಷ್ಟು ದೂರ? ಅರ್ಧ ದಾರಿ ಪೆಟ್ರೋಲ್‌ನಲ್ಲೇ ಮುಗಿದುಹೋಗುತ್ತಿತ್ತು. ಚಳಿ ಜಾಸ್ತಿ, ಅದಕ್ಕೇ ಹೀಗೆ ಅಂದುಕೊಂಡೆ. ಕಾಕಾ ಮಾತು ಕೇಳಿ ಎರಡು ವಾರ ಹತ್ತು ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡಿದೆ. ದೀಪ ಪಾರ್ಕಿಂಗ್‌ನಲ್ಲೇ ಹಸಿರಾಯಿತು. ಕಾಕಾ ಗೆದ್ದರು.

ಆದರೆ ಒಂದು ದಿನ ಹೈವೇಯಲ್ಲಿ ಕಾಲಿಗೆ ಚಳಿ ಅಂತ ಹೀಟರ್ ಹಾಕಿದೆ. ಬಂದಿದ್ದು ಉಗುರುಬೆಚ್ಚಗಿನ ಗಾಳಿ. ಸ್ಪೀಡ್ ಏರಿಸಿದಷ್ಟೂ ಇನ್ನೂ ತಣ್ಣಗೆ. ಹತ್ತು ನಿಮಿಷ ಬಿಸಿ ಮಾಡಿ ತಂದ ಎಂಜಿನ್ ಓಡಿಸಿದರೆ ತಣ್ಣಗಾಗುವುದು ಯಾವ ನ್ಯಾಯ? ಅಲ್ಲಿಂದ ಹುಡುಕಾಟ ಶುರು.

ಎಂಜಿನ್‌ಗೆ ಚಳಿ ಅಂದರೆ ಎಷ್ಟು?

ಪುಣೆಯಲ್ಲಿ ಚಳಿಗಾಲದ ಬೆಳಗ್ಗೆ ಹತ್ತು ಹನ್ನೆರಡು ಡಿಗ್ರಿ ಮಾಮೂಲಿ. ಪಾಷಾಣ, ಎನ್‌ಡಿಎ (ಸೇನಾ ಅಕಾಡೆಮಿ) ಕಡೆ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಈ ಊರಿನ ದಾಖಲೆ 1935ರ ಜನವರಿಯದು, 1.7 ಡಿಗ್ರಿ. ನಮಗೆ ಇದು ನಡುಗುವ ಚಳಿ. ಎಂಜಿನ್‌ಗೆ?

ಎಂಜಿನ್ ನೆಮ್ಮದಿಯಾಗಿ ಕೆಲಸ ಮಾಡುವುದು ಅದರ ಕೂಲಂಟ್ ಸುಮಾರು 90 ಡಿಗ್ರಿ ಇದ್ದಾಗ. ಪುಣೆಯಲ್ಲಿ 10 ಡಿಗ್ರಿಯಿಂದ ಹೊರಟರೆ ಅದು 80 ಡಿಗ್ರಿ ಏರಬೇಕು. ಮುಂಬೈಯಲ್ಲಿ ಅದೇ ದಿನ 20 ಇದ್ದರೂ 70 ಏರಬೇಕು. ವ್ಯತ್ಯಾಸ ಅಷ್ಟೇ. ‘ನಮ್ಮಲ್ಲಿ ಚಳಿಯೇ ಇಲ್ಲ, ನಮಗ್ಯಾಕೆ ಇದೆಲ್ಲ’ ಅನ್ನುತ್ತಾರೆ ಮಾಟುಂಗಾದಲ್ಲಿರುವ ನನ್ನ ಷಡ್ಡಕ. ಅವರ ಎಂಜಿನ್ ಕೂಡ ದಿನಾ ಬೆಳಗ್ಗೆ ತಣ್ಣಗೇ ಏಳುತ್ತದೆ, ಅವರಿಗೆ ಸ್ವೆಟರ್ ಬೇಡ ಅನ್ನುವುದು ಬೇರೆ ವಿಷಯ. ಮಡಗಾಂವ್‌ನ ಕಾರಿಗೂ ಇದೇ ಲೆಕ್ಕ.

ಇದು ನನ್ನ ತರ್ಕ ಮಾತ್ರ ಅಲ್ಲ. ಪುಣೆಯ ವೇತಾಳ ಟೇಕಡಿ ಮೇಲೆ ಎಆರ್‌ಎಐ ಇದೆ ನೋಡಿ, 1966ರಲ್ಲಿ ಶುರುವಾದ ವಾಹನ ಸಂಶೋಧನಾ ಸಂಸ್ಥೆ. ಅಂಥ ಲ್ಯಾಬ್‌ಗಳಲ್ಲಿ ಹೊಸ ಕಾರಿನ ಹೊಗೆ ಪರೀಕ್ಷೆಗೆ ಮುಂಚೆ ಕಾರನ್ನು 20ರಿಂದ 30 ಡಿಗ್ರಿ ಇರುವ ಕೋಣೆಯಲ್ಲಿ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ಆಮೇಲೆ ಸ್ಟಾರ್ಟ್ ಮಾಡಿ ಅಳೆಯುತ್ತಾರೆ. ಅದನ್ನೂ ಕೋಲ್ಡ್ ಸ್ಟಾರ್ಟ್ ಅಂತಲೇ ಕರೆಯುವುದು. ಫ್ಯಾನ್ ಹಾಕಿಕೊಂಡು ಕೂರುವ 25 ಡಿಗ್ರಿಯೂ ಎಂಜಿನ್ ಲೆಕ್ಕದಲ್ಲಿ ಚಳಿಯೇ.

ತಣ್ಣಗಿದ್ದರೆ ಏನು ತೊಂದರೆ? ಪೆಟ್ರೋಲ್ ದ್ರವವಾಗಿದ್ದಾಗ ಸರಿಯಾಗಿ ಉರಿಯುವುದಿಲ್ಲ, ಆವಿಯಾಗಬೇಕು. ತಣ್ಣಗಿನ ಲೋಹಕ್ಕೆ ತಾಗಿದ ಪೆಟ್ರೋಲ್ ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಕಾರಿನ ಕಂಪ್ಯೂಟರ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಹೆಚ್ಚಾದದ್ದು ಸಿಲಿಂಡರ್ ಗೋಡೆ ಮೇಲಿನ ಆಯಿಲ್ ಪದರವನ್ನು ತೊಳೆದು, ಪಿಸ್ಟನ್ ರಿಂಗ್ ಸಂದಿಯಿಂದ ಇಳಿದು, ಕೆಳಗಿನ ಆಯಿಲ್‌ಗೆ ಸೇರುತ್ತದೆ. ಸವೆತ ಆಗುವುದು ಇಲ್ಲಿ. ಜೊತೆಗೆ ಸೈಲೆನ್ಸರ್ ದಾರಿಯಲ್ಲಿದ್ದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ 250–300 ಡಿಗ್ರಿ ಮುಟ್ಟುವವರೆಗೆ ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತದೆ. ಬೆಳಗ್ಗೆ ಪಾರ್ಕಿಂಗ್‌ನಲ್ಲಿ ಮೂಗಿಗೆ ಹೊಡೆಯುವ ಆ ವಾಸನೆ ಅದಕ್ಕೇ.

ಇನ್ನೊಂದು, ನೀರು. 1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ 1 ಲೀಟರ್ ನೀರು ಹುಟ್ಟುತ್ತದೆ. ಕೇಳಿದರೆ ನಂಬಿಕೆ ಬರುವುದಿಲ್ಲ, ಆದರೆ ಲೆಕ್ಕ ನಿಜ. ಪೆಟ್ರೋಲ್‌ನ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತದೆ. ಚಳಿಯಲ್ಲಿ ಸೈಲೆನ್ಸರ್‌ನಿಂದ ಬರುವ ಬಿಳಿ ಹೊಗೆ, ತೊಟ್ಟಿಕ್ಕುವ ಹನಿ ಎಲ್ಲ ಅದೇ. ಎಂಜಿನ್ ಬಿಸಿ ಇದ್ದರೆ ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಒಂದಿಷ್ಟು ಒಳಗೇ ಉಳಿದು ಆಯಿಲ್ ಜೊತೆ ಬೆರೆಯುತ್ತದೆ.

ನಿಂತ ಎಂಜಿನ್ ಅಂದರೆ ಒಂದು ಬಾತ್‌ರೂಮ್ ಗೀಸರ್

ಈಗ ಕಾಕಾ ವಿಷಯಕ್ಕೆ ಬರೋಣ. ನಿಲ್ಲಿಸಿ ಬಿಸಿ ಮಾಡಿದರೆ ಏನಾಗುತ್ತದೆ ಅಂತ ರಫ್ ಆಗಿ ಲೆಕ್ಕ ಹಾಕಿದೆ. ಸಣ್ಣ ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಗಂಟೆಗೆ ಸುಮಾರು 0.7 ಲೀಟರ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟು ಪೆಟ್ರೋಲ್ ಉರಿದರೆ ಆರೂವರೆ ಕಿಲೋವ್ಯಾಟ್‌ನಷ್ಟು ಶಾಖ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಎಂಜಿನ್ ಲೋಹ ಮತ್ತು ಕೂಲಂಟ್‌ಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಸೈಲೆನ್ಸರ್ ಮೂಲಕ ಗಾಳಿಗೆ. ಕೈಗೆ ಸಿಕ್ಕಿದ್ದು ಎರಡು ಕಿಲೋವ್ಯಾಟ್ ಚಿಲ್ಲರೆ. ಅಂದರೆ ನಿಮ್ಮ ಬಾತ್‌ರೂಮ್‌ನ ಗೀಸರ್‌ನಷ್ಟು.

ಒಂದು ಗೀಸರ್ ಇಟ್ಟುಕೊಂಡು ನೂರು ಕೆಜಿ ಹತ್ತಿರದ ಲೋಹ, ನಾಲ್ಕೈದು ಲೀಟರ್ ಕೂಲಂಟ್, ಮೂರು ಲೀಟರ್ ಆಯಿಲ್ ಬಿಸಿ ಮಾಡಬೇಕು. ಹೊತ್ತು ಹಿಡಿಯದೆ ಇರುತ್ತದಾ?

ಅದೇ ಕಾರನ್ನು 40 ಕಿಮೀ ವೇಗದಲ್ಲಿ ನಿಧಾನಕ್ಕೆ ಓಡಿಸಿ. ಗಂಟೆಗೆ ಎರಡೂವರೆ ಲೀಟರ್ ಮೇಲೆ ಉರಿಯುತ್ತದೆ. ಲೋಹಕ್ಕೆ ಸಿಗುವ ಶಾಖ ಎಂಟು ಕಿಲೋವ್ಯಾಟ್ ಹತ್ತಿರ. ನಾಲ್ಕು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಅದರ ಜೊತೆಗೆ ನೀವು ಆಫೀಸಿಗೂ ಹತ್ತಿರವಾಗಿರುತ್ತೀರಿ. ನಿಂತ ಕಾರಿನ ಮೈಲೇಜ್ ಸೊನ್ನೆ, ಅದನ್ನು ಮರೆಯಬಾರದು. ತಣ್ಣಗಿರುವಾಗ ಐಡ್ಲಿಂಗ್ ಆರ್‌ಪಿಎಂ ಕೂಡ ಜಾಸ್ತಿ ಇರುತ್ತದೆ. ಹಾಗಾಗಿ ಆ ಎರಡು ವಾರ ನಾನು ದಿನಕ್ಕೆ ಸುಮಾರು 150 ಎಂಎಲ್ ಪೆಟ್ರೋಲ್ ಪಾರ್ಕಿಂಗ್‌ನಲ್ಲೇ ಸುಟ್ಟೆ. ಹದಿನೈದು ರೂಪಾಯಿ. ಒಂದು ಕಟಿಂಗ್ ಚಹಾಕ್ಕಿಂತ ಜಾಸ್ತಿಯೇ ಆಯಿತು.

ಡೀಸೆಲ್‌ನಲ್ಲಿ ಈ ಕಥೆ ಇನ್ನೂ ಕೆಟ್ಟದು. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ತೀರಾ ಕಡಿಮೆ ಇಂಧನ ಸುಡುತ್ತದೆ, ಜಾಸ್ತಿ ಗಾಳಿ ಎಳೆಯುತ್ತದೆ. ಶಾಖ ಹುಟ್ಟುವುದೇ ಕಡಿಮೆ. ಕಾಕಾ ಗಾಡಿ ಹತ್ತು ನಿಮಿಷ ನಿಂತರೂ ಎಂಜಿನ್ ಬಿಸಿ ತೋರಿಸುವ ಸೂಜಿ ಕಾಲು ಭಾಗವೂ ಏರುವುದಿಲ್ಲ. ಅದನ್ನು ನೋಡಿ ಕಾಕಾ ಇನ್ನೂ ಐದು ನಿಮಿಷ ಕಾಯುತ್ತಾರೆ.

ಕಾಕಾಗೆ ಈ ಅಭ್ಯಾಸ ಬಂದದ್ದು ಎಲ್ಲಿಂದ ಅಂತ ಗೊತ್ತು. ಅವರ ಮೊದಲ ಕಾರು ಪ್ರೀಮಿಯರ್ ಪದ್ಮಿನಿ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ 2023ರವರೆಗೂ ಓಡಿದ್ದು ಅದೇ. ಅದರಲ್ಲಿ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್. ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು, ಬಿಸಿಯಾಗುವ ಮುಂಚೆ ಚೋಕ್ ಒಳಗೆ ತಳ್ಳಿದರೆ ಚೌಕದ ನಡುವೆ ಕೆಮ್ಮಿ ನಿಂತುಬಿಡುತ್ತಿತ್ತು. ಆ ಕಾಲಕ್ಕೆ ಬಿಸಿ ಮಾಡುವುದು ಸರಿಯೇ. 2000ದ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಹೋಗಿ, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು. ಈಗ ಸೆನ್ಸರ್ ಎಂಜಿನ್ ಬಿಸಿ ಎಷ್ಟಿದೆ ಅಂತ ಅಳೆದು ಪೆಟ್ರೋಲ್ ಹದ ಮಾಡುತ್ತದೆ. ಚೋಕ್ ಹೋಯಿತು, ಅಭ್ಯಾಸ ಉಳಿಯಿತು.

ಹಾಗಾದರೆ ಬೆಳಗ್ಗೆ ಏನು ಮಾಡಬೇಕು? ಸ್ಟಾರ್ಟ್ ಮಾಡುವಾಗ ಕ್ಲಚ್ ಒತ್ತಿ ಹಿಡಿಯಿರಿ. ಗೇರ್‌ಬಾಕ್ಸ್‌ನ ಗಟ್ಟಿ ಆಯಿಲ್ ತಿರುಗಿಸುವ ಕಷ್ಟ ಸ್ಟಾರ್ಟರ್‌ಗೆ ತಪ್ಪುತ್ತದೆ. ಡೀಸೆಲ್ ಆದರೆ ಸ್ಪ್ರಿಂಗ್ ಆಕಾರದ ದೀಪ ಆರುವವರೆಗೆ ಕಾಯಿರಿ, ಸಿಲಿಂಡರ್ ಒಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಬಿಸಿಯಾಗುವ ಹೊತ್ತು ಅದು. ಸ್ಟಾರ್ಟ್ ಆದ ಮೇಲೆ ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡಿ, ಗಾಜಿನ ಇಬ್ಬನಿ ಒರೆಸಿ. ಅಷ್ಟರಲ್ಲಿ ಅರ್ಧ ನಿಮಿಷ ಆಗಿರುತ್ತದೆ, ಆಯಿಲ್ ಎಲ್ಲ ಕಡೆ ಮುಟ್ಟಿರುತ್ತದೆ. ಹೊರಡಿ. ಮೊದಲ ಐದಾರು ಕಿಲೋಮೀಟರ್ ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇರಲಿ. ಪೆಟ್ರೋಲ್ ಕಾರಿನಲ್ಲಿ ಎರಡು ಎರಡೂವರೆ ಸಾವಿರ ಆರ್‌ಪಿಎಂ ದಾಟಬೇಡಿ. ಹಾಗಂತ ಟಾಪ್ ಗೇರ್ ಹಾಕಿ ಎಂಜಿನ್ ಗೊರಗೊರ ಅನ್ನಿಸಲೂ ಬೇಡಿ. ಸ್ಟಾರ್ಟ್ ಆದ ಕೂಡಲೇ ರೇಸ್ ಕೊಟ್ಟು ‘ವ್ರೂಂ ವ್ರೂಂ’ ಮಾಡುವವರಿಗೆ ಏನು ಹೇಳಲಿ, ಎದ್ದ ಕೂಡಲೇ ಬಸ್ಕಿ ಹೊಡೆದ ಹಾಗೆ ಅದು.

ಒಂದು ಎಚ್ಚರಿಕೆ. ಈಗ ಕೆಲವು ಕಾರುಗಳನ್ನು ಮನೆಯಲ್ಲೇ ಕೂತು ಮೊಬೈಲ್‌ನಿಂದ ಸ್ಟಾರ್ಟ್ ಮಾಡಬಹುದು. ಮುಚ್ಚಿದ ಗ್ಯಾರೇಜ್, ಗಾಳಿಯಾಡದ ಬೇಸ್‌ಮೆಂಟ್‌ನಲ್ಲಿ ಮಾತ್ರ ಅದನ್ನು ಮಾಡಲೇಬೇಡಿ. ತಣ್ಣಗಿನ ಎಂಜಿನ್‌ನಿಂದ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಚಹಾ ಪಾತ್ರೆಯಲ್ಲಿ ಬಾಯಿ ತೆರೆದ ವಾಲ್ವ್

ನನ್ನ ಹೀಟರ್ ತಣ್ಣಗೆ ಊದಿದ್ದು ಯಾಕೆ ಅಂತ ತಿಳಿಯಲು ಒಬಿಡಿ ಸ್ಕ್ಯಾನರ್ ತರಿಸಿದೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ಕೂಲಂಟ್ ಎಷ್ಟು ಬಿಸಿ ಅಂತ ಮೊಬೈಲ್‌ನಲ್ಲಿ ಕಾಣುತ್ತದೆ. ಈಗಿನ ಬಹಳ ಕಾರುಗಳಲ್ಲಿ ಸೂಜಿಯೇ ಇಲ್ಲ, ತಣ್ಣಗಿದ್ದಾಗ ಒಂದು ನೀಲಿ ದೀಪ ಅಷ್ಟೇ. ಅದು ಆರಿದರೆ ಪೂರ್ತಿ ಬಿಸಿಯಾಯಿತು ಅಂತಲ್ಲ.

ಮರುದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಕಿ ಓದಲು ಹೇಳಿದೆ. ಹೈವೇಯಲ್ಲಿ ಎಷ್ಟು ಓಡಿಸಿದರೂ 56, 57, 58. ಅದರ ಮೇಲೆ ಏರುವುದೇ ಇಲ್ಲ. ವಾಕಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ 78ಕ್ಕೆ ಹೋಯಿತು. ಸಿಗ್ನಲ್ ಬಿಟ್ಟು ವೇಗ ಹಿಡಿದ ಕೂಡಲೇ ಮತ್ತೆ ಇಳಿಯಿತು. ಗಾಳಿ ಬಡಿದರೆ ತಣ್ಣಗೆ, ನಿಂತರೆ ಬಿಸಿ. ಈ ಏರಿಳಿತ ಕಂಡರೆ ಅನುಮಾನ ಒಂದೇ ಕಡೆ ಹೋಗಬೇಕು, ಥರ್ಮೋಸ್ಟಾಟ್.

ಕೂಲಂಟ್ ಓಡಾಡಲು ಎರಡು ದಾರಿ ಇದೆ. ಒಂದು ಚಿಕ್ಕ ಸುತ್ತು, ಎಂಜಿನ್ ಒಳಗೇ. ಇನ್ನೊಂದು ದೊಡ್ಡ ಸುತ್ತು, ಮುಂದಿನ ರೇಡಿಯೇಟರ್‌ಗೆ ಹೋಗಿ ಗಾಳಿಗೆ ತಣ್ಣಗಾಗಿ ಬರುವುದು. ಎಂಜಿನ್ ತಣ್ಣಗಿರುವಾಗ ದೊಡ್ಡ ಸುತ್ತು ಬಂದ್ ಇರಬೇಕು. ಆಗಲೇ ಒಳಗಿನ ನೀರು ಬೇಗ ಬಿಸಿಯಾಗುವುದು. ಆ ಬಾಗಿಲು ಕಾಯುವ ವಾಚ್‌ಮ್ಯಾನ್ ಥರ್ಮೋಸ್ಟಾಟ್. ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯಲು ಶುರು ಮಾಡುತ್ತದೆ. ಕರೆಂಟ್ ಬೇಡ, ಕಂಪ್ಯೂಟರ್ ಬೇಡ. ಒಳಗೆ ಒಂದು ಚಿಕ್ಕ ಹಿತ್ತಾಳೆ ಬಟ್ಟಲು, ಅದರಲ್ಲಿ ಮೇಣ. ಮೇಣ ಕರಗಿದರೆ ಹಿಗ್ಗುತ್ತದೆ, ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ವಾಲ್ವ್ ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಮುಚ್ಚುತ್ತದೆ. ಅಷ್ಟೇ ಕೆಲಸ.

ವಾರ್ಜೆ ಕಡೆ ವಿಜಯಪುರದಿಂದ ಬಂದ ಒಬ್ಬ ಮೆಕ್ಯಾನಿಕ್ ಇದ್ದಾನೆ. ಕನ್ನಡದಲ್ಲಿ ಬೈಸಿಕೊಳ್ಳುವ ಸುಖಕ್ಕೆ ನಾನು ಅವನ ಹತ್ತಿರವೇ ಹೋಗುವುದು. ಹೌಸಿಂಗ್ ಬಿಚ್ಚಿ ಒಳಗೆ ಬೆರಳು ಹಾಕಿದ. ನಕ್ಕ. ‘ಸರ, ಥರ್ಮೋಸ್ಟಾಟ್ ಕೆಟ್ಟಿಲ್ಲ. ಇಲ್ಲೇ ಇಲ್ಲ.’

ಯಾವುದೋ ಗ್ಯಾರೇಜ್‌ನಲ್ಲಿ ಹಿಂದೆ ತೆಗೆದು ಎಸೆದಿದ್ದರು. ಇದು ನಮ್ಮಲ್ಲಿ ಹಳೇ ರೋಗ. ಬೇಸಿಗೆಯಲ್ಲಿ ಖಂಬಾಟ್ಕಿ ಘಾಟ್ ಹತ್ತುವಾಗ ಗಾಡಿ ಹೀಟ್ ಆಯಿತು ಅನ್ನಿ, ರೇಡಿಯೇಟರ್ ಕಟ್ಟಿಕೊಂಡಿದೆಯಾ, ಫ್ಯಾನ್ ತಿರುಗುತ್ತಿದೆಯಾ, ಪಂಪ್ ಸರಿ ಇದೆಯಾ ಅಂತ ನೋಡುವ ತಾಳ್ಮೆ ಇಲ್ಲದವರು ಥರ್ಮೋಸ್ಟಾಟ್ ಕಿತ್ತುಬಿಡುತ್ತಾರೆ. ‘ನಮ್ಮ ದೇಶಕ್ಕೆ ಅದು ಬೇಡ ಸಾರ್’ ಅನ್ನುತ್ತಾರೆ. ಬಾಗಿಲು ಇಲ್ಲದ ಮನೆ ಆಗುತ್ತದೆ. ಎಂಜಿನ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ, ಕಂಪ್ಯೂಟರ್ ‘ಇನ್ನೂ ತಣ್ಣಗಿದೆ’ ಅಂತ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಇದು ಉಲ್ಟಾ ಕೂಡ ಹೊಡೆಯುತ್ತದೆ. ಥರ್ಮೋಸ್ಟಾಟ್ ತೆರೆದಾಗ ಚಿಕ್ಕ ಸುತ್ತನ್ನು ಅದೇ ಮುಚ್ಚಬೇಕು. ಅದು ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಒಳಗೇ ತಿರುಗುತ್ತದೆ, ಘಾಟ್‌ನಲ್ಲಿ ಮತ್ತೆ ಹೀಟ್.

ಹೊಸದನ್ನು ತಂದ. ಹಾಕುವ ಮುಂಚೆ, ನಾನು ಕೇಳದಿದ್ದರೂ, ಪಕ್ಕದ ಚಹಾ ಗಾಡಿಯಿಂದ ಪಾತ್ರೆ ತರಿಸಿ ನೀರು ಕಾಯಿಸಲು ಇಟ್ಟ. ಥರ್ಮೋಸ್ಟಾಟ್‌ಗೆ ತಂತಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟ. ತಳದಲ್ಲಿ ಗುಳ್ಳೆ ಏಳಲು ಶುರುವಾಯಿತು. ಏನೂ ಆಗಲಿಲ್ಲ. ಇನ್ನೊಂದಿಷ್ಟು ಹೊತ್ತು. ನೀರು ಸದ್ದು ಮಾಡತೊಡಗಿತು. ಆಗ ಆ ತಟ್ಟೆ ನಿಧಾನಕ್ಕೆ, ಕೂದಲೆಳೆಯಷ್ಟು, ಆಮೇಲೆ ಬೆರಳ ತುದಿಯಷ್ಟು ಸರಿಯಿತು. ‘ನೋಡ್ರಿ, ಹೆಂಗ ಬಾಯಿ ತಗೀತೈತಿ’ ಅಂದ. ಹೊರಗೆ ಎತ್ತಿ ಗಾಳಿಗೆ ಹಿಡಿದ. ಒಂದು ನಿಮಿಷದಲ್ಲಿ ಬಾಯಿ ಮುಚ್ಚಿತು. ಪಾತ್ರೆ ತಿಕ್ಕಿ ಕೊಡು ಅಂತ ಚಹಾದವನು ಆಮೇಲೆ ಜಗಳ ತೆಗೆದ, ಅದು ಬೇರೆ.

ವಾಲ್ವ್, ಹೊಸ ಕೂಲಂಟ್, ಕೂಲಿ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ನಿಮ್ಮ ಕಾರಿನಲ್ಲಿ ಪರೀಕ್ಷಿಸಲು ಸ್ಕ್ಯಾನರ್ ಕೂಡ ಬೇಡ. ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿ, ಮೂರು ನಾಲ್ಕು ನಿಮಿಷದ ನಂತರ ಎಂಜಿನ್ ಬಂದ್ ಮಾಡಿ ರೇಡಿಯೇಟರ್‌ಗೆ ಹೋಗುವ ಮೇಲಿನ ದಪ್ಪ ಹೋಸ್ ಮುಟ್ಟಿ. ಹೆಚ್ಚಿನ ಕಾರುಗಳಲ್ಲಿ ಅದು ತಣ್ಣಗೇ ಇರಬೇಕು. ಆಗಲೇ ಬೆಚ್ಚಗಾಗುತ್ತಿದ್ದರೆ ಬಾಗಿಲು ತೆರೆದೇ ಇದೆ ಅಂತ ಅರ್ಥ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ. ಕಾರಿನ ಕಂಪ್ಯೂಟರ್ ಇದನ್ನು ಹಿಡಿದರೆ ಪಿ0128 ಅನ್ನುವ ಕೋಡ್ ತೋರಿಸುತ್ತದೆ. ನನ್ನ ಹಳೇ ಕಾರು ಏನೂ ತೋರಿಸಲಿಲ್ಲ.

ರಟ್ಟು, ಹೀಟರ್, ಆಯಿಲ್

ರೇಡಿಯೇಟರ್ ಮುಂದೆ ರಟ್ಟು ಇಡಿ ಅಂತ ಸಲಹೆ ಕೊಡುವವರಿದ್ದಾರೆ. ತೀರಾ ಚಳಿ ಪ್ರದೇಶದಲ್ಲಿ, ಹಿಮಗಾಳಿಗೆ ಎದುರಾಗಿ ಹೋಗುವ ಲಾರಿಗೆ ಅದು ಸರಿ. ಪುಣೆಯಲ್ಲಿ ಥರ್ಮೋಸ್ಟಾಟ್ ಸರಿ ಇದ್ದರೆ ಮೊದಲ ಕೆಲವು ಕಿಲೋಮೀಟರ್ ರೇಡಿಯೇಟರ್‌ಗೆ ನೀರೇ ಹೋಗುವುದಿಲ್ಲ, ರಟ್ಟಿಟ್ಟು ಏನು ಲಾಭ? ಅದನ್ನು ಮರೆತು ಶನಿವಾರ ಬೆಳಗಾವಿಗೆ ಹೊರಟಿರಿ ಅನ್ನಿ, ಕಾತ್ರಜ್ ಏರು ಮುಗಿಯುವಷ್ಟರಲ್ಲಿ ಸೂಜಿ ಕೆಂಪಿಗೆ ಬಂದಿರುತ್ತದೆ. ಈ ಕೆಲಸ ತಾನೇ ಮಾಡುವ ಕಾರುಗಳೂ ಇವೆ. ಗ್ರಿಲ್ ಹಿಂದೆ ಪಟ್ಟಿಗಳಿದ್ದು, ಚಳಿಯಿದ್ದರೆ ಮುಚ್ಚಿಕೊಳ್ಳುತ್ತವೆ.

ಹೀಟರ್ ವಿಷಯದಲ್ಲಿ ನಾವೆಲ್ಲ ತಪ್ಪು ಮಾಡುತ್ತೇವೆ. ಕಾರಿನ ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಕೂಲಂಟ್‌ನ ಬಿಸಿಯನ್ನೇ ಕದ್ದು ಒಳಗೆ ಊದುತ್ತದೆ. ಹೊರಟ ಕೂಡಲೇ ಫ್ಯಾನ್ ಫುಲ್ ಇಟ್ಟರೆ ನಿಮಗೂ ಬಿಸಿ ಸಿಗುವುದಿಲ್ಲ, ಎಂಜಿನ್‌ಗೂ ಇಲ್ಲ. ಸೂಜಿ ಸ್ವಲ್ಪ ಏಳುವವರೆಗೆ ಸ್ವೆಟರ್ ಹಾಕಿಕೊಂಡಿರಿ. ಗಾಜಿಗೆ ಮಂಜು ಕಟ್ಟಿದರೆ ಆ ಮಾತು ಬೇರೆ. ರಸ್ತೆ ಕಾಣುವುದು ಮುಖ್ಯ, ಎಸಿ ಹಾಕಿ ಗಾಜಿನ ಕಡೆ ಊದಿಸಿ.

ಆಯಿಲ್ ಡಬ್ಬಿ ಮೇಲೆ 5ಡಬ್ಲ್ಯು-30 ಅಂತ ಇರುತ್ತದಲ್ಲ, ಆ ಡಬ್ಲ್ಯು ಅಂದರೆ ವಿಂಟರ್. ಅದರ ಹಿಂದಿನ ಅಂಕಿ ಕಡಿಮೆ ಇದ್ದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. 5ಡಬ್ಲ್ಯು ಆಯಿಲ್ ಅನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 20ಡಬ್ಲ್ಯುವನ್ನು ಮೈನಸ್ 15ರಲ್ಲಿ. ಪುಣೆಗೆ ಎರಡೂ ಧಾರಾಳವಾಯಿತು. ಆದರೆ 0ಡಬ್ಲ್ಯು-20 ಬೇಡುವ ಹೊಸ ಎಂಜಿನ್‌ಗೆ ‘ಗಟ್ಟಿ ಆಯಿಲ್ ಒಳ್ಳೇದು’ ಅಂತ 20ಡಬ್ಲ್ಯು-50 ಸುರಿಸಿಕೊಳ್ಳಬೇಡಿ. ಕಾರಿನ ಪುಸ್ತಕದಲ್ಲಿ ಏನಿದೆಯೋ ಅದೇ ಹಾಕಿಸಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಸೂಜಿ ತೋರಿಸುವುದು ಕೂಲಂಟ್ ಬಿಸಿಯನ್ನು, ಆಯಿಲ್ ಬಿಸಿಯನ್ನಲ್ಲ. ಕೂಲಂಟ್ 90 ಮುಟ್ಟಿದಾಗ ಆಯಿಲ್ ಇನ್ನೂ ಐವತ್ತು ಅರವತ್ತರಲ್ಲಿ ಒದ್ದಾಡುತ್ತಿರಬಹುದು. ಅದಕ್ಕೆ ಬೇಕಾಗುವ ಹೊತ್ತು ಹೆಚ್ಚುಕಡಿಮೆ ಎರಡರಷ್ಟು. ಟರ್ಬೊ ಕಾರಿನವರು ಇದನ್ನು ನೆನಪಿಡಬೇಕು, ಸೂಜಿ ನಡುವೆ ಬಂದ ಕೂಡಲೇ ಎಕ್ಸ್‌ಪ್ರೆಸ್‌ವೇಯಲ್ಲಿ ಕಾಲು ಒತ್ತಬೇಡಿ.

ನಿಜವಾಗಿ ಎಂಜಿನ್ ಹಾಳು ಮಾಡುವುದು ಪುಟ್ಟ ಓಡಾಟ. ನಮ್ಮ ಸೊಸೈಟಿಯಲ್ಲೇ ಒಂದು ಕಾರಿದೆ. ಬೆಳಗ್ಗೆ ಮಗುವನ್ನು ಒಂದೂವರೆ ಕಿಮೀ ದೂರದ ಶಾಲೆಗೆ ಬಿಟ್ಟು ಬರುತ್ತದೆ, ಮಧ್ಯಾಹ್ನ ಕರೆದು ತರುತ್ತದೆ. ಅಷ್ಟೇ ಅದರ ಜೀವನ. ಅದರ ಆಯಿಲ್ ಮುಚ್ಚಳ ತೆಗೆದು ನೋಡಿದೆವು. ಒಳಗೆಲ್ಲ ಕೆನೆ ಮೊಸರಿನಂಥ ಹಳದಿ ಪದರ, ಬೆರಳಿಗೆ ಅಂಟುತ್ತಿತ್ತು. ಆಗ ಹೇಳಿದೆನಲ್ಲ, ಪೆಟ್ರೋಲ್ ಉರಿದು ಹುಟ್ಟುವ ನೀರು, ಅದು ಆವಿಯಾಗಲು ಎಂದೂ ಬಿಸಿ ಸಿಕ್ಕಿಲ್ಲ. ಕೂಲಂಟ್ ಕಡಿಮೆಯಾಗದೆ ಬರೀ ಮುಚ್ಚಳದಲ್ಲಿ ಹೀಗಿದ್ದರೆ ಗಾಬರಿ ಬೇಡ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ದೂರ ಓಡಿಸಿ, ಆಯಿಲ್ ಬೇಗ ಬದಲಿಸಿ. ಒಂದೂವರೆ ಕಿಮೀ ಆದರೆ ಸ್ಕೂಟರ್ ಸಾಕಲ್ವಾ? ನಾಲ್ಕು ಕಡೆ ಕೆಲಸ ಇದ್ದರೆ ಒಂದೇ ಸಲ ಹೊರಡಿ, ದೂರದ್ದಕ್ಕೆ ಮೊದಲು ಹೋಗಿ. ಮೊದಲೇ ಪೂರ್ತಿ ಬಿಸಿಯಾದ ಎಂಜಿನ್ ಹತ್ತು ನಿಮಿಷ ನಿಂತರೆ ತಣ್ಣಗಾಗುವುದಿಲ್ಲ. ಉಳಿದ ಮೂರು ಕೆಲಸ ಬಿಸಿ ಎಂಜಿನ್‌ನಲ್ಲೇ ಮುಗಿಯುತ್ತವೆ.

ನಿಜವಾದ ಚಳಿ ಇರುವ ಕಡೆ

ಮೈನಸ್ 30 ಡಿಗ್ರಿ ಇರುವ ಊರಿನಲ್ಲಿ ಈ ಉಪಾಯ ಯಾವುದೂ ನಡೆಯುವುದಿಲ್ಲ. ಅಲ್ಲಿ ಎಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ. 1940ರ ದಶಕದಲ್ಲಿ ಅಮೆರಿಕದ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಎಂಜಿನ್ ಬೋಲ್ಟ್ ಜಾಗದಲ್ಲಿ ಕೂರುವ ಕರೆಂಟ್ ಹೀಟರ್ ಮಾಡಿ 1949ರಲ್ಲಿ ಪೇಟೆಂಟ್ ಪಡೆದ. ಕೆನಡಾದ ಚಳಿ ಊರುಗಳ ಪಾರ್ಕಿಂಗ್‌ನಲ್ಲಿ ಕಾರಿಗೆ ಪ್ಲಗ್ ಚುಚ್ಚುವ ಸಾಕೆಟ್‌ಗಳು ಇರುವುದು ಈ ಥರದ ಹೀಟರ್‌ಗೇ. ರಾತ್ರಿಯಿಡೀ ಬೇಡ, ಹೊರಡುವ ಎರಡು ಮೂರು ಗಂಟೆ ಮುಂಚೆ ಹಾಕಿದರೆ ಸಾಕಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೊಯೊಟಾ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಮಾಡಿದ್ದು. 2004ರ ಮಾಡೆಲ್ ಆಗಿ ಅಮೆರಿಕಕ್ಕೆ ಬಂದ ಆ ಕಾರಿನಲ್ಲಿ ಒಂದು ಥರ್ಮಾಸ್ ಇತ್ತು. ನಮ್ಮ ಫಿಲ್ಟರ್ ಕಾಫಿ ಫ್ಲಾಸ್ಕ್‌ನ ದೊಡ್ಡಣ್ಣ. ಕಾರು ನಿಂತಾಗ ಸುಮಾರು 3 ಲೀಟರ್ ಬಿಸಿ ಕೂಲಂಟ್ ತುಂಬಿಟ್ಟುಕೊಂಡು, ಮರುದಿನ ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ ವಾಪಸ್ ಕೊಡುತ್ತಿತ್ತು. ನಮ್ಮ ಹತ್ತಿರದ ಉದಾಹರಣೆ ಬೇಕಾದರೆ ಚಾಕಣ್‌ಗೆ ಬನ್ನಿ. ಅಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್ ಕಾರುಗಳ 1 ಲೀಟರ್ ಟರ್ಬೊ ಎಂಜಿನ್‌ನಲ್ಲಿ ಹೊಗೆ ಹೋಗುವ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ ಒಳಗೇ ಇದೆ. ಹೊಗೆಯಲ್ಲಿ ಸುಮ್ನೆ ಹೋಗುವ ಶಾಖ ಸುತ್ತಲಿನ ಕೂಲಂಟ್‌ಗೆ ಸಿಗುತ್ತದೆ.

ಡೀಸೆಲ್ ಕಾರಿನಲ್ಲಿ ಚಳಿಗಾಲದ ಲಡಾಖ್‌ಗೆ ಹೋಗುವವರು ಗಮನಿಸಿ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ, ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಅದಕ್ಕೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಪುಣೆಯಲ್ಲಿ ತುಂಬಿಸಿದ ಟ್ಯಾಂಕ್ ನಂಬಿಕೊಂಡು ಅಲ್ಲಿ ರಾತ್ರಿ ಗಾಡಿ ನಿಲ್ಲಿಸಬೇಡಿ.

ಥರ್ಮೋಸ್ಟಾಟ್ ಹಾಕಿಸಿದ ವಾರ ಎರಡು ಬೆಳಗ್ಗೆ ಅಳೆದೆ. ಎರಡೂ ದಿನ ಶುರುವಿನಲ್ಲಿ 13 ಡಿಗ್ರಿ. ಮೊದಲ ದಿನ ಐದು ನಿಮಿಷ ನಿಲ್ಲಿಸಿ ಇಟ್ಟೆ, ಕೂಲಂಟ್ 41ಕ್ಕೆ ಬಂತು. ಎರಡನೇ ದಿನ ಅರ್ಧ ನಿಮಿಷದಲ್ಲಿ ಹೊರಟೆ, ಐದನೇ ನಿಮಿಷಕ್ಕೆ 71. ದೀಪ ಹಸಿರಾಗಿದ್ದು ಸೂಸ್ ಬ್ರಿಜ್‌ಗೂ ಮುಂಚೆ, ಹಾಲಿನ ಬೂತ್ ಎದುರಿನ ಸ್ಪೀಡ್ ಬ್ರೇಕರ್ ಹತ್ತಿರ. ಕಾಕಾಗೆ ಮೊಬೈಲ್‌ನಲ್ಲಿ ಎರಡೂ ಅಂಕಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ‘ತುಮ್ಚಿ ಪೆಟ್ರೋಲ್ ಆಹೇ’ ಅಂದರು, ನಿಮ್ಮದು ಪೆಟ್ರೋಲ್ ಕಾರು ಅಂತ. ಈಗ ಸ್ಕ್ಯಾನರ್ ಅವರ ಹತ್ತಿರ ಇದೆ, ಮೂರು ದಿನ ಆಯಿತು.